ಇನ್ನೂ ಉದಯಿಸುತ್ತಿರುವ ಪಿಟೀಲು

ಸೂರ್ಯ ಹುಟ್ಟುವುದಕ್ಕೆ ಐದು ನಿಮಿಷ ಸಾಕು. ಬೆಂಗಳೂರಿನ ಪಿಟೀಲು ವಿದ್ವಾಂಸರಿಗೆ ಮೂವತ್ತು ವರ್ಷವೂ ಸಾಲದು.

ನನ್ನ ಸ್ನೇಹಿತರೊಬ್ಬರಿದ್ದಾರೆ. ಹನ್ನೆರಡನೇ ವಯಸ್ಸಿನಲ್ಲಿ ರಾಮನವಮಿ ಪೆಂಡಾಲಿನಲ್ಲಿ ನುಡಿಸಿದಾಗ ಆಹ್ವಾನ ಪತ್ರಿಕೆಯಲ್ಲಿ ‘ಉದಯೋನ್ಮುಖ ಕಲಾವಿದ’ ಅಂತ ಹಾಕಿದ್ದರು. ಈಗ ನಲವತ್ತೆರಡು. ಮಗಳು ಪಿಯುಸಿ. ಮೊನ್ನೆಯ ಪತ್ರಿಕೆಯಲ್ಲೂ ‘ಉದಯೋನ್ಮುಖ’. ಕಾರ್ಯದರ್ಶಿಗಳನ್ನು ಕೇಳಿದೆ. “ಹಾಗೆ ಹಾಕಿದ್ರೆ ಸಂಭಾವನೆ ಒಂದು ಹದದಲ್ಲಿ ಇರುತ್ತೆ ಸಾರ್” ಅಂದರು.

ಇವರಿಗೆ ಫೋನ್ ಬರುವುದು ಸಂಗೀತ ಕಚೇರಿಯ ಹಿಂದಿನ ರಾತ್ರಿ. ಗಾಯಕರು ಆರು ತಿಂಗಳ ಹಿಂದೆಯೇ ಗೊತ್ತಾಗಿರುತ್ತಾರೆ. ಶಾಮಿಯಾನಕ್ಕೆ ಮುಂಗಡ ಹೋಗಿರುತ್ತದೆ. ಬಿಸಿಬೇಳೆ ಬಾತಿಗೆ ಅಡುಗೆಯವರಿಗೂ ಹೇಳಿಯಾಗಿರುತ್ತದೆ. ಆಮೇಲೆ ಯಾರಿಗೋ ನೆನಪಾಗುತ್ತದೆ, “ಅಯ್ಯೋ, ಪಿಟೀಲು ಯಾರು?”

ರಿಹರ್ಸಲ್ ಗಿಹರ್ಸಲ್ ಏನೂ ಇಲ್ಲ. ಗಾಯಕರು ಬಾಯಿ ತೆರೆದ ಮೇಲೇ ರಾಗ ಯಾವುದು ಅಂತ ತಿಳಿಯಬೇಕು. ಅವರು ಕಾಲು ಗಂಟೆ ತೋಡಿ ರಾಗ ಹಾಡಿದರೆ ಇವರು ಮೂರು ನಿಮಿಷಕ್ಕೆ ಮುಗಿಸಬೇಕು. ಆ ಮೂರು ನಿಮಿಷಕ್ಕೆ ಚಪ್ಪಾಳೆ ಜಾಸ್ತಿ ಬಿತ್ತೋ, ಗಾಯಕರ ಬೆರಳು ಮೈಕಿನವನ ಕಡೆ ತಿರುಗುತ್ತದೆ. “ಪಿಟೀಲು ಸ್ವಲ್ಪ ಕಮ್ಮಿ ಮಾಡಪ್ಪಾ.”

ತಿರುಮಕೂಡಲಿನ ಚೌಡಯ್ಯನವರು (1895–1967) ಹಿಂದಿನ ಸಾಲಿಗೂ ನಾದ ಮುಟ್ಟಲಿ ಅಂತ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡರು. ಇವತ್ತು ಎಪ್ಪತ್ತು ಕಟ್ಟಿಕೊಂಡು ಬಂದರೂ ಮೈಕಿನವನ ಒಂದು ಗುಂಡಿ ಸಾಕು. ಹಾಗಂತ ನಮಗೆ ಪಿಟೀಲಿನ ಮೇಲೆ ಭಕ್ತಿ ಇಲ್ಲ ಅನ್ನಬೇಡಿ. 1980ರಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಭವನವೇ ಎದ್ದಿತು. ತಂತಿ, ಅದನ್ನು ಹೊರುವ ಕುದುರೆ, ಬಿಗಿಯುವ ಬಿರಡೆ, ಕಮಾನು ಎಲ್ಲಾ ಇದೆ. ಪಿಟೀಲಿನ ಹೊಟ್ಟೆಯೊಳಗೆ ಸಾವಿರ ಜನರನ್ನು ಕೂರಿಸುವ ಊರು ನಮ್ಮದು. ಪಿಟೀಲಿನವರು ಮಾತ್ರ ಪಕ್ಕದಲ್ಲಿ ಕೂರಬೇಕು, ಹೆಸರೇ ಪಕ್ಕವಾದ್ಯ ಅಲ್ವಾ!

ಮೊನ್ನೆಯ ಕಚೇರಿಯಲ್ಲಿ, ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನಕ್ಕೆ ಮೊದಲು, ನನ್ನ ಸ್ನೇಹಿತರಿಗೆ ಸನ್ಮಾನ. ಮುಖ್ಯ ಅತಿಥಿಗಳು ಇಪ್ಪತ್ತು ನಿಮಿಷ ಮಾತಾಡಿದರು. ಫ್ಯಾನಿನ ಗಾಳಿಗೆ ತಂತಿಯ ಶ್ರುತಿ ಇಳಿಯುತ್ತಾ ಇತ್ತು. ಇವರು ಸುಮ್ನೆ ಬಿರಡೆ ಮುಟ್ಟಿದ್ದೇ ತಡ, ಕಾರ್ಯದರ್ಶಿಗಳು ಕಣ್ಣು ಬಿಟ್ಟರು. ಮೈಸೂರು ಪೇಟ ತಲೆಗೆ ದೊಡ್ಡದಾಗಿ ಹುಬ್ಬಿನವರೆಗೆ ಜಾರಿತ್ತು. ಅದರ ಕೆಳಗಿದ್ದ ನರೆ ಮೀಸೆ ಅತಿಥಿಗಳಿಗೆ ಕಾಣಲಿಲ್ಲವೋ ಏನೋ, “ಈ ಹುಡುಗನಿಗೆ ಒಳ್ಳೆಯ ಭವಿಷ್ಯವಿದೆ” ಎಂದರು.

ರಾತ್ರಿ ಬಸ್ ಸ್ಟಾಪಿನಲ್ಲಿ ಸಿಕ್ಕರು. ಕಂಕುಳಲ್ಲಿ ಪಿಟೀಲು ಪೆಟ್ಟಿಗೆ, ಕೈಯಲ್ಲಿ ಹಣ್ಣಿನ ಬುಟ್ಟಿ, ಹೆಗಲಲ್ಲಿ ಶಾಲು. ಆಟೋ ಏಕೆ ಹಿಡಿಯಲಿಲ್ಲ ಅಂತ ನಾನು ಕೇಳಲಿಲ್ಲ. ಕವರು ಜೇಬಿನಲ್ಲಿತ್ತು, ತೆಳ್ಳಗೆ. ಅಷ್ಟರಲ್ಲಿ ಫೋನ್ ಬಂತು. ಸ್ಪೀಕರ್ ಹಾಕಿದರು.

“ಸಾರ್, ನಾಳೆ ಸಂಜೆ ಯುವ ಪ್ರತಿಭೆಗಳ ಕಚೇರಿ. ಬಂದುಬಿಡಿ. ಫೋಟೋ ಏನೂ ಬೇಡ, ಹಳೇದೇ ಇದೆ ನಮ್ಹತ್ರ. ಅದರಲ್ಲಿ ಚಡ್ಡಿ ಹಾಕ್ಕೊಂಡಿದೀರಲ್ಲ, ಅದೇ.”