ಆ ಪದ ಕೇಳಿ ನಕ್ಕವರಿಗೆ

ಈಗಷ್ಟೇ ಒಂದು ಆನ್‌ಲೈನ್ ಚರ್ಚೆ ಕೇಳಿ ಎದ್ದೆ. ಸಿಟ್ಟು ಇನ್ನೂ ಇಳಿದಿಲ್ಲ. 'ಸಿಂಬಯೋಸೀನ್' ಅನ್ನುವ ಪದ ಬಂತು ನೋಡಿ, ಮನುಷ್ಯ ಉಳಿದ ಜೀವಿಗಳ ಜೊತೆ ಕೂಡಿ ಬಾಳುವ ಮುಂದಿನ ಕಾಲ ಅಂತ ಅದರ ಅರ್ಥ, ಒಬ್ಬರು ನಕ್ಕೇಬಿಟ್ಟರು. "ಪದ ಹುಟ್ಟಿಸಿದರೆ ಕಾಡು ಬೆಳೆಯುತ್ತಾ?" ಅಂದರು. ಉಳಿದವರೂ ನಕ್ಕರು.

ಅದೇ ಜನ ಅರ್ಧ ಗಂಟೆಯಿಂದ 'ಆಂಥ್ರೊಪೊಸೀನ್' ಅನ್ನುತ್ತಲೇ ಇದ್ದರು. ಮನುಷ್ಯ ಭೂಮಿಯನ್ನೇ ಬದಲಿಸಿಬಿಟ್ಟ ಕಾಲ ಅಂತ ಅರ್ಥ. ಅದೂ ಹುಟ್ಟಿಸಿದ ಪದವೇ ಅಲ್ವಾ? 2000ರಲ್ಲಿ ವಿಜ್ಞಾನಿಗಳಾದ ಪೌಲ್ ಕ್ರುಟ್ಸನ್ ಮತ್ತು ಯೂಜೀನ್ ಸ್ಟೋರ್ಮರ್ ಅದನ್ನು ಮುಂದಿಟ್ಟಾಗಿನಿಂದ ಎಲ್ಲರ ಬಾಯಲ್ಲೂ ಇದೆ. ಹಾಳಾದ ಕಾಲಕ್ಕೆ ಹೆಸರು ಬೇಕು, ಸರಿಹೋಗುವ ಕಾಲಕ್ಕೆ ಬೇಡವೇ?

ಸಿಂಬಯೋಸೀನ್ ಪದ ಕೊಟ್ಟವರು ಆಸ್ಟ್ರೇಲಿಯಾದ ಚಿಂತಕ ಗ್ಲೆನ್ ಆಲ್ಬ್ರೆಕ್ಟ್, 2011ರಲ್ಲಿ. ಸುಮ್ನೆ ಕನಸು ಕಂಡು ಕೊಟ್ಟದ್ದಲ್ಲ. ಅಲ್ಲಿನ ಹಂಟರ್ ಕಣಿವೆಯಲ್ಲಿ ಕಲ್ಲಿದ್ದಲು ಗಣಿಗಳು ನೆಲ ಅಗೆದದ್ದನ್ನೂ ಅಲ್ಲಿನ ಜನರ ಸಂಕಟವನ್ನೂ ಹತ್ತಿರದಿಂದ ಕಂಡವರು ಅವರು. ಮನೆಯಲ್ಲೇ ಇದ್ದು ಮನೆ ಕಳೆದುಕೊಂಡ ಆ ನೋವಿಗೆ 'ಸೊಲಾಸ್ಟಾಲ್ಜಿಯಾ' ಅಂತ ಮೊದಲು ಹೆಸರಿಟ್ಟವರೂ ಅವರೇ.

ನಾನು ಜೀವಶಾಸ್ತ್ರದ ಮೇಷ್ಟ್ರು. ಹಾಗಾಗಿ ಸಿಂಬಯೋಸೀನ್ ಪದದ ಬೇರು ನನಗೆ ಮುಖ್ಯ. ಸಿಂಬಯೋಸಿಸ್, ಅಂದರೆ ಸಹಜೀವನ. ಬಂಡೆಯ ಮೇಲಿನ ಕಲ್ಲುಹೂವು ಒಂದೇ ಜೀವಿಯಲ್ಲ, ಶಿಲೀಂಧ್ರವೂ ಪಾಚಿಯೂ ಕೂಡಿ ಮಾಡಿದ ಸಂಸಾರ. ನೆಲದ ಮೇಲಿನ ಹೆಚ್ಚಿನ ಗಿಡಗಳ ಬೇರಿಗೆ ಶಿಲೀಂಧ್ರ ನೀರು, ರಂಜಕ ತಂದುಕೊಡುತ್ತದೆ. ಗಿಡ ಬದಲಿಗೆ ಸಕ್ಕರೆ ಕೊಡುತ್ತದೆ. ನಮ್ಮ ಜೀವಕೋಶದೊಳಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಕೂಡ ಒಂದು ಕಾಲದಲ್ಲಿ ಬೇರೆಯೇ ಬ್ಯಾಕ್ಟೀರಿಯಾ ಆಗಿತ್ತು. 1967ರಲ್ಲಿ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಹೀಗೆ ಬರೆದಾಗಲೂ ಬಹಳ ಜನ ಒಪ್ಪಿರಲಿಲ್ಲ. ಈಗ ಅದು ಪಠ್ಯಪುಸ್ತಕದಲ್ಲಿದೆ.

"ಈ ಸಿಂಬಯೋಸೀನ್ ಏನು ಭೂವಿಜ್ಞಾನ ಒಪ್ಪಿದ ಯುಗವಾ?" ಅಂತ ಕೇಳುತ್ತೀರಿ. ಅಲ್ಲ. ಆದರೆ 2024ರಲ್ಲಿ ಭೂವಿಜ್ಞಾನಿಗಳ ಅಂತಾರಾಷ್ಟ್ರೀಯ ಒಕ್ಕೂಟ ಆಂಥ್ರೊಪೊಸೀನನ್ನೂ ಅಧಿಕೃತ ಯುಗವಾಗಿ ಒಪ್ಪಲಿಲ್ಲ. ಆ ಪದವನ್ನು ಯಾರಾದರೂ ಬಿಟ್ಟರಾ? ಇಲ್ಲ. ಹಾಗಾದರೆ ಇದಕ್ಕೆ ಮಾತ್ರ ಯಾಕೆ ಆ ಪರೀಕ್ಷೆ? ಇದು ಕಳೆದುಹೋದ ಕಾಲವನ್ನು ಅಳೆಯಲು ಬಂದ ಪದ ಅಲ್ಲವೇ ಅಲ್ಲ. ನಾವು ಮಾಡುವ ವಸ್ತು ವಿಷ ಉಳಿಸದೆ ಮಣ್ಣಿಗೆ ಮರಳಬೇಕು, ನಾವು ಬಳಸುವ ಶಕ್ತಿ ಯಾವ ಜೀವದ ನೆಲೆಯನ್ನೂ ಕೆಡಿಸಬಾರದು ಅಂತ ಕೇಳುವ ಪದ. ಎಷ್ಟು ಕಷ್ಟದ ಬೇಡಿಕೆ ನೋಡಿ. ನಗುವವರು ಇದನ್ನು ಓದಿಯೇ ಇಲ್ಲ ಅನ್ನಿಸುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಉಳಿವಿಗಾಗಿ ಹೋರಾಟ ಅನ್ನುವುದನ್ನು ನಾನು ಪ್ರತಿ ವರ್ಷ ವಾರಗಟ್ಟಲೆ ಪಾಠ ಮಾಡಿದ್ದೇನೆ. ಸಹಜೀವನಕ್ಕೆ ಕೊಟ್ಟದ್ದು ಒಂದೇ ಪೀರಿಯಡ್. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು, "ಆಂಥ್ರೊಪೊಸೀನ್ ಆದ ಮೇಲೆ ಏನು ಸಾರ್?" ನಾನು ಗಡಿಯಾರ ನೋಡಿದೆ. ಬೆಲ್ ಆಯಿತು. ಅವಳು ಕೂತುಕೊಂಡಳು.