ಭಟ್ಟಿಯ ಬೂದಿ, ಕಾಲೇಜಿನ ಗೇಟು

ಕೊಯಮತ್ತೂರಿಗೆ ಬಂದ ಹೊಸದರಲ್ಲಿ ನಾನು ಕೆಲಸಕ್ಕಿದ್ದ ಬಟ್ಟೆ ಸಂಸ್ಕರಣಾ ಘಟಕಕ್ಕೆ ಒಂದು ದಿನ ಎಂ.ಟೆಕ್. ಓದುವ ಹುಡುಗನೊಬ್ಬ ಬಂದ. ಹೆಗಲಲ್ಲಿ ಚೀಲ, ಕೈಯಲ್ಲಿ ಐದು ಲೀಟರಿನ ಬಿಳಿ ಕ್ಯಾನು. ಒಳಗೆ ತಿಳಿ ಹಳದಿ ನೀರು, ಅಂದರೆ ನೀರಲ್ಲಿ ತೇಲುವ ಬೆಳ್ಳಿಯ ನ್ಯಾನೋ ಕಣ, ಕಣ್ಣಿಗೆ ಕಾಣದಷ್ಟು ಸಣ್ಣದು. ಅದನ್ನು ಪ್ಯಾಡಿಂಗ್ ಮೆಷಿನ್ನಿನ ತೊಟ್ಟಿಗೆ ಸುರಿದು, ಹತ್ತಿ ಬಟ್ಟೆಯನ್ನು ಅದ್ದಿ, ಎರಡು ರಬ್ಬರ್ ರೋಲರುಗಳ ನಡುವೆ ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸಿದೆವು. ಈ ಬಟ್ಟೆಯಲ್ಲಿ ಬೆವರಿನ ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾ ಉಳಿಯುವುದಿಲ್ಲ ಎಂದು ಹುಡುಗ ಹಾಳೆಯೊಂದನ್ನು ಬಿಡಿಸಿ ಫೋಟೋ ತೋರಿಸಿದ. ನಮ್ಮ ಮಾಲೀಕರು ಬಟ್ಟೆಯ ಅಂಚನ್ನು ಹೆಬ್ಬೆರಳಿಂದ ತಿಕ್ಕಿ ನೋಡಿ ಒಂದೇ ಮಾತು ಕೇಳಿದರು: "ಎಷ್ಟು ಒಗೆತಕ್ಕೆ ತಡೆಯುತ್ತೆ?"

ಹುಡುಗನ ಬಳಿ ಉತ್ತರ ಇರಲಿಲ್ಲ. ಅವನು ಬೇಸರ ಮಾಡಿಕೊಳ್ಳಲಿಲ್ಲ, ಮಾಲೀಕರೂ ಅವನನ್ನು ಅಟ್ಟಲಿಲ್ಲ. ಮುಂದಿನ ವಾರ ಒಗೆದ ತುಂಡುಗಳೊಂದಿಗೆ ಮತ್ತೆ ಬಂದ. ಹತ್ತನೇ ಒಗೆತಕ್ಕೆ ಗುಣವೆಲ್ಲ ನೀರು ಪಾಲಾಗಿತ್ತು. ಕಣಗಳನ್ನು ಬಟ್ಟೆಗೆ ಅಂಟಿಸುವ ಬೈಂಡರ್ ಬೆರೆಸಿದ, ಅವು ನಿಂತವು. ಆದರೆ ಬಟ್ಟೆ ಒಣ ತೊಗಲಿನ ಹಾಗೆ ಬಿರುಸಾಯಿತು. ಬೈಂಡರ್ ಕಮ್ಮಿ ಮಾಡಿ ಒಲೆಯ ಶಾಖ ಏರಿಸಿದ, ಬಿಳಿ ಬಟ್ಟೆ ಕಂದಿತು. ನಾಲ್ಕು ತಿಂಗಳು ಹೀಗೇ ನಡೆಯಿತು. ನಮ್ಮ ಫೋರ್‌ಮನ್ ಅವನಿಗೆ ಮೆಷಿನ್ನಿನ ಒತ್ತಡ ಹೇಗೆ ಹಿಡಿಯಬೇಕೆಂದು ಕಲಿಸಿದ, ಅವನು ಫೋರ್‌ಮನ್‌ಗೆ ದ್ರಾವಣದ ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ನೋಡುವುದನ್ನು ಕಲಿಸಿದ. ಕೊನೆಗೆ ಇಪ್ಪತ್ತೈದು ಒಗೆತ ತಡೆಯುವ, ಮೈಗೆ ಮೆತ್ತಗಿರುವ ಬಟ್ಟೆ ಸಿಕ್ಕಾಗ ಅದು ಅವನೊಬ್ಬನದು ಎಂದಾಗಲಿ ನಮ್ಮದು ಎಂದಾಗಲಿ ಹೇಳಲು ಬರುವಂತಿರಲಿಲ್ಲ.

ಕಾಲೇಜು, ಕಾರ್ಖಾನೆ ಹೀಗೆ ಕೂಡಿದ್ದನ್ನು ಕಂಡ ಅವತ್ತಿಂದ ನನಗೆ ನನ್ನೂರು ದಾವಣಗೆರೆ ನೆನಪಾಗುತ್ತಲೇ ಇದೆ.

ಎರಡೂ ಹತ್ತಿಯ ಊರು. ನಮ್ಮದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂದರು, ಇದನ್ನು ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಅಂದರು. ನಮ್ಮ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಶುರುವಾದದ್ದು 1951ರಲ್ಲಿ. ಇಲ್ಲಿಯ ಪಿ.ಎಸ್.ಜಿ. ಕಾಲೇಜ್ ಆಫ್ ಟೆಕ್ನಾಲಜಿ ಶುರುವಾದದ್ದೂ ಅದೇ 1951ರಲ್ಲಿ. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮೆಷಿನ್ ಮಾಡುತ್ತಿತ್ತು, ಇಲ್ಲಿ ಪಿ.ಎಸ್.ಜಿ.ಯವರೂ ಲೇತ್ ಮಾಡಿದರು. ಹೊರಟ ಜಾಗ ಹೆಚ್ಚುಕಮ್ಮಿ ಒಂದೇ. ಹಾಗಿದ್ದೂ ಇವತ್ತು ಎರಡು ಊರು ಎಲ್ಲೆಲ್ಲಿವೆ ಎಂದು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮಪ್ಪ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮ್ ಖಾತೆಯಲ್ಲಿದ್ದರು. ನಾನು ಅದೇ ಊರಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಓದಿದೆ. ಗಿರಣಿಯ ಸೈರನ್ ನಮ್ಮ ತರಗತಿಗೆ ಕೇಳುತ್ತಿತ್ತು. ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ನಮ್ಮನ್ನು ಆ ಗೇಟಿನೊಳಗೆ ಕರೆದುಕೊಂಡು ಹೋಗಲಿಲ್ಲ. ಗಿರಣಿಯಿಂದಲೂ ಯಾರೂ ಬಂದು, ನಮ್ಮ ನೂಲು ಹೀಗೆ ತುಂಡಾಗ್ತೈತಿ, ನಿಮ್ಮ ಹುಡುಗ್ರು ನೋಡಿ ಹೇಳ್ತಾರೇನು ಅಂತ ಕೇಳಲಿಲ್ಲ. ಅಪ್ಪ ಊಟಕ್ಕೆ ಕೂತಾಗ ನೂಲಿನ ತೊಂದರೆ ಹೇಳುತ್ತಿದ್ದರು, ನಾನು ಪರೀಕ್ಷೆಯ ಪಠ್ಯ ಓದುತ್ತಿದ್ದೆ. ಒಂದೇ ಮನೆಯಲ್ಲಿದ್ದೂ ಆ ಎರಡು ಮಾತು ಕೂಡಲೇ ಇಲ್ಲ. ಗಿರಣಿ ಮುಚ್ಚಿತು. ಮುಚ್ಚಿದ್ದಕ್ಕೆ ನೂರು ಕಾರಣ ಇರಬಹುದು, ಕಾಲೇಜು ಕೈಜೋಡಿಸಿದ್ದರೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಆದರೆ ಊರಿನ ಅತಿ ದೊಡ್ಡ ಉದ್ಯಮ ಕಣ್ಮುಂದೆ ಸಾಯುವಾಗ ಕಾಲೇಜಿನ ಟೈಮ್‌ಟೇಬಲ್ಲಿನಲ್ಲಿ ಒಂದು ಪೀರಿಯಡ್ಡೂ ಬದಲಾಗಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ಇಲ್ಲಿ ಅವಿನಾಶಿ ರಸ್ತೆಯಲ್ಲಿ ಸಿಟ್ರಾ ಎಂಬ ಜವಳಿ ಸಂಶೋಧನಾ ಸಂಸ್ಥೆ ಇದೆ. 1956ರದ್ದು. ಗಿರಣಿಗಳೇ ಸದಸ್ಯರಾಗಿ ಚಂದಾ ಕಟ್ಟುತ್ತವೆ, ಸರ್ಕಾರದ ಬೆಂಬಲವೂ ಇದೆ. ನನಗೆ ಮೊದಲು ನಂಬಲಿಕ್ಕೇ ಆಗದ ಸಂಗತಿ ಒಂದಿತ್ತು. ಮಾರುಕಟ್ಟೆಯಲ್ಲಿ ಒಬ್ಬರ ಮುಖ ಒಬ್ಬರು ನೋಡದ ಗಿರಣಿಗಳು ತಮ್ಮ ಉತ್ಪಾದನೆ, ಖರ್ಚಿನ ಲೆಕ್ಕವನ್ನು ಸಿಟ್ರಾಗೆ ಕೊಡುತ್ತವೆ. ಸಿಟ್ರಾ ಅದನ್ನೆಲ್ಲ ಹೋಲಿಸಿ, ನೀವು ಎಲ್ಲಿ ಹಿಂದಿದ್ದೀರಿ ಎಂದು ಒಬ್ಬೊಬ್ಬರಿಗೂ ಹೇಳುತ್ತದೆ. ಸಣ್ಣ ಘಟಕದವನು ಬಟ್ಟೆ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಹೋಗಿ, ಶುಲ್ಕ ಕಟ್ಟಿ, ಪರೀಕ್ಷೆ ಮಾಡಿಸಿಕೊಂಡು ಬರುತ್ತಾನೆ. ಆ ರೂಢಿ ಮೊದಲೇ ಇದ್ದದ್ದರಿಂದ ನ್ಯಾನೋ ಬಂದಾಗ ಊರು ಗಾಬರಿಯಾಗಲಿಲ್ಲ. ಹೊಸ ಸಾಮಾನು ಬಂತು ಅಷ್ಟೆ, ಹೋಗುವ ದಾರಿ ಹಳೆಯದೇ.

ಕೃಷಿ ವಿಶ್ವವಿದ್ಯಾಲಯವೂ ಹಾಗೇ. ಇಲ್ಲಿಯ ತಮಿಳುನಾಡು ಕೃಷಿ ವಿ.ವಿ.ಯಲ್ಲಿ ನ್ಯಾನೋ ವಿಜ್ಞಾನಕ್ಕೇ ಒಂದು ವಿಭಾಗವಿದೆ. ಗಿಡಗಳೇ ಹುಟ್ಟಿಸುವ ಹೆಕ್ಸನಾಲ್ ಎಂಬ ವಸ್ತುವಿನಿಂದ ಮಾವಿನ ಹಣ್ಣು ಬೇಗ ಕೊಳೆಯದಂತೆ ತಡೆಯುವ ಕೆಲಸವನ್ನು ಅವರು ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯ, ಶ್ರೀಲಂಕಾದ ಸಂಸ್ಥೆಗಳ ಜೊತೆ ಸೇರಿ ಮಾಡಿದರು. ರೈತರ ತೋಟದಲ್ಲೇ ಸಿಂಪಡಿಸಿ ನೋಡಿದರು.

ಈ ಊರನ್ನು ಅಟ್ಟಕ್ಕೇರಿಸುವ ಉದ್ದೇಶ ನನಗಿಲ್ಲ. ಪಕ್ಕದ ತಿರುಪ್ಪೂರಿನ ಬಣ್ಣದ ಘಟಕಗಳು ನೊಯ್ಯಲ್ ನದಿಯನ್ನು ಹಾಳುಮಾಡಿದವು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಅವನ್ನು ಮುಚ್ಚಿಸಬೇಕಾಯಿತು. ಒಗೆದ ನೀರಿನಲ್ಲಿ ಹೋಗುವ ಬೆಳ್ಳಿ ಕಣ ಎಲ್ಲಿ ಸೇರುತ್ತದೆ ಎಂಬ ಪ್ರಶ್ನೆಯನ್ನು ನಾನಂತೂ ಆಮೇಲೆ ಮರೆತಿಲ್ಲ. ಊರಿಗೆ ಏನನ್ನಾದರೂ ತರುವುದಿದ್ದರೆ ಆ ಪಾಠವನ್ನೂ ಜೊತೆಗೇ ತರಬೇಕು.

ನ್ಯಾನೋ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕ. ಅಷ್ಟು ಚಿಕ್ಕದಾದರೆ ಏನು ಲಾಭ? ಒಂದು ಸೆಂಟಿಮೀಟರಿನ ಘನಾಕೃತಿಯ ತುಂಡು ತಗೊಳ್ಳಿ. ಅದರ ಆರು ಮುಖ ಸೇರಿ ಆರು ಚದರ ಸೆಂಟಿಮೀಟರ್. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಂಡಾಗಿ ಕತ್ತರಿಸಿದರೆ ಒಟ್ಟು ಮೈ 6,000 ಚದರ ಮೀಟರ್ ಆಗುತ್ತದೆ, ಸುಮಾರು ಒಂದೂವರೆ ಎಕರೆ. ಬೆರಳ ತುದಿಯಷ್ಟು ಸಾಮಾನಿಗೆ ಒಂದೂವರೆ ಎಕರೆ ಮೈ! ನೀರಿನಲ್ಲಿರುವ ವಿಷ ಹಿಡಿಯುವುದಿರಲಿ, ಬ್ಯಾಕ್ಟೀರಿಯಾ ಕೊಲ್ಲುವುದಿರಲಿ, ಕೆಲಸ ನಡೆಯುವುದು ಮೈಮೇಲೇ.

ಕಷ್ಟ ಎಲ್ಲಿದೆ ಎಂದು ನಮ್ಮ ಕಡೆಯವರಿಗೆ ಹೇಳಲು ಮುದ್ದೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮನೆಯಲ್ಲಿ ನಾಲ್ಕು ಜನಕ್ಕೆ ಗಂಟಿಲ್ಲದ ಮುದ್ದೆ ತಿರುವುವವರು ಮದುವೆ ಮನೆಯ ಕೊಪ್ಪರಿಗೆಗೆ ಕೈ ಹಾಕಲಿ. ನೀರಿನ ಲೆಕ್ಕ, ಉರಿಯ ಲೆಕ್ಕ, ಕೋಲಿನ ವೇಗ ಎಲ್ಲವೂ ಬದಲಾಗುತ್ತದೆ. ನ್ಯಾನೋ ಕಣಗಳೂ ಅಷ್ಟೇ. ನೂರು ಮಿಲಿಲೀಟರ್ ಬೀಕರಿನಲ್ಲಿ ಬಿಡಿಬಿಡಿಯಾಗಿ ತೇಲುವ ಕಣಗಳು ಇನ್ನೂರು ಲೀಟರಿನ ತೊಟ್ಟಿಯಲ್ಲಿ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಗಂಟಾದ ಮೇಲೆ ಆ ಒಂದೂವರೆ ಎಕರೆ ಎಲ್ಲಿಂದ ಬರಬೇಕು? ಪ್ರಯೋಗಾಲಯದ ಪ್ರಾಧ್ಯಾಪಕರಿಗೆ ಬೀಕರ್ ಗೊತ್ತು, ಕಾರ್ಖಾನೆಯವನಿಗೆ ತೊಟ್ಟಿ ಗೊತ್ತು. ಬೀಕರಿನಿಂದ ತೊಟ್ಟಿಗೆ ಹೋಗುವ ನಡುವಿನ ಹಾದಿ ಇಬ್ಬರಲ್ಲಿ ಯಾರೊಬ್ಬರಿಗೂ ಗೊತ್ತಿಲ್ಲ, ಇಬ್ಬರೂ ಕೂಡಿಯೇ ಅದನ್ನು ತುಳಿಯಬೇಕು. ನಮ್ಮ ದೇಶ 2007ರಲ್ಲೇ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಮುಂದಾಳತ್ವದಲ್ಲಿ, ಐದು ವರ್ಷಕ್ಕೆ 1,000 ಕೋಟಿ ರೂಪಾಯಿಯೊಂದಿಗೆ ನ್ಯಾನೋ ಮಿಷನ್ ಶುರುಮಾಡಿತು. ಒಳ್ಳೆಯ ಪ್ರಬಂಧಗಳು ರಾಶಿ ರಾಶಿ ಬಂದವು. ಅಂಗಡಿಗೆ ಬಂದ ಸಾಮಾನು ಅದಕ್ಕೆ ತಕ್ಕಷ್ಟಿಲ್ಲ ಎಂಬುದು ನನ್ನ ಅನಿಸಿಕೆ, ಕಾರಣ ಆ ನಡುವಿನ ಹಾದಿಯೇ.

ಅವಸರದ ಹಾದಿಯೂ ಇದೆ, ಅದು ಬೇಡ. ಎಲೆಗೆ ಸಿಂಪಡಿಸುವ ದ್ರವ ಗೊಬ್ಬರ ನ್ಯಾನೋ ಯೂರಿಯಾದ ಬಾಟಲಿ 2021ರಲ್ಲಿ ಮಾರುಕಟ್ಟೆಗೆ ಬಂತು, ಭದ್ರಾ ಅಚ್ಚುಕಟ್ಟಿನ ನಮ್ಮ ಭತ್ತದ ರೈತರೂ ಕಂಡಿದ್ದಾರೆ. ಆಮೇಲೆ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ಭತ್ತ, ಗೋಧಿಯ ಇಳುವರಿ ಇಳಿದದ್ದು ಕಂಡುಬಂದು ವಾದ ಎದ್ದಿತು. ಅಂಥ ಪ್ರಶ್ನೆಗಳೆಲ್ಲ ಬಾಟಲಿ ರೈತನ ಕೈಗೆ ಬರುವ ಮೊದಲೇ ಇತ್ಯರ್ಥವಾಗಿರಬೇಕು.

ಈಗ ದಾವಣಗೆರೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ನ್ಯಾನೋಗೆ ಬೇಕಾದ ಕಚ್ಚಾ ಸಾಮಾನು ದಿನಾ ತಿಪ್ಪೆ ಸೇರುತ್ತಿದೆ. ಮಂಡಕ್ಕಿ ಭಟ್ಟಿಯ ಬೀದಿಯಲ್ಲಿ ಬೆಳೆದವರಿಗೆ ಗೊತ್ತು, ಭತ್ತದ ಹೊಟ್ಟು ಹಾಕಿ ಉರಿಸಿದ ಒಲೆಯ ಬಾಯಲ್ಲಿ ಬೂದಿ ಹೇಗೆ ಗುಡ್ಡೆಯಾಗುತ್ತದೆ ಎಂದು. ನೂರು ಕಿಲೋ ಭತ್ತಕ್ಕೆ ಇಪ್ಪತ್ತು ಕಿಲೋದಷ್ಟು ಹೊಟ್ಟು, ಅದು ಉರಿದರೆ ನಾಲ್ಕು ಕಿಲೋದಷ್ಟು ಬೂದಿ. ಸರಿಯಾಗಿ ಉರಿದ ಬೂದಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲು ಸಿಲಿಕಾ, ಮರಳಿನಲ್ಲಿರುವ ವಸ್ತುವೇ. ಟೈರಿಗೂ ಕಾಂಕ್ರೀಟಿಗೂ ಬೇಕಾದ ವಸ್ತು ಅದು, ನೀರಿನ ಫಿಲ್ಟರಿಗೂ ಬೇಕು. 2009ರ ಡಿಸೆಂಬರಿನಲ್ಲಿ ಟಾಟಾದವರು ಸ್ವಚ್ಛ್ ಎಂಬ ಫಿಲ್ಟರನ್ನು 749 ಮತ್ತು 999 ರೂಪಾಯಿಗೆ ತಂದರಲ್ಲ, ಅದರ ಹೊಟ್ಟೆಯೊಳಗಿದ್ದದ್ದು ಇದೇ ಭತ್ತದ ಹೊಟ್ಟಿನ ಬೂದಿ, ಅದಕ್ಕೆ ಹಚ್ಚಿದ ಬೆಳ್ಳಿಯ ನ್ಯಾನೋ ಕಣ. ಕರೆಂಟು ಬೇಡ, ನಲ್ಲಿಯ ಒತ್ತಡವೂ ಬೇಡ. ನಮ್ಮ ಊರಿನ ಬೂದಿಯಂಥದೇ ಬೂದಿ!

ಆ ಫಿಲ್ಟರು ರೋಗಾಣು ತಡೆಯುತ್ತಿತ್ತು, ಫ್ಲೋರೈಡ್ ತಡೆಯುತ್ತಿರಲಿಲ್ಲ. ನಮ್ಮ ಸೀಮೆಗೆ ಬೇಕಾದದ್ದು ಫ್ಲೋರೈಡ್ ತಡೆಯುವ ಫಿಲ್ಟರೇ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಕೊಳವೆಬಾವಿ ಆಳಕ್ಕಿಳಿದಷ್ಟೂ ಫ್ಲೋರೈಡ್ ಕಾಟ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿ, ಹಿರಿಯರಿಗೆ ಕೀಲುನೋವು. ನಮ್ಮ ದೊಡ್ಡಮ್ಮ ಚಳ್ಳಕೆರೆ ತಾಲ್ಲೂಕಿನವರು, ಐವತ್ತಕ್ಕೇ ಗೋಡೆ ಹಿಡಿದು ಏಳುತ್ತಿದ್ದರು. ಈಗ ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ಐದು ರೂಪಾಯಿ ನಾಣ್ಯಕ್ಕೆ ಇಪ್ಪತ್ತು ಲೀಟರ್ ಕ್ಯಾನು ತುಂಬುತ್ತದೆ. ಅದು ದೊಡ್ಡ ಉಪಕಾರವೇ. ಆದರೆ ಆ ಘಟಕದ ಆರ್‌ಒ ಮೆಷಿನ್ನು ಶುದ್ಧ ನೀರಿನ ಜೊತೆ ಕೊಳಕು ನೀರನ್ನೂ ಹೊರಗೆ ಬಿಡುತ್ತದೆ, ಫ್ಲೋರೈಡೆಲ್ಲ ಅದರಲ್ಲಿ ಇನ್ನಷ್ಟು ಗಟ್ಟಿಯಾಗಿ ಮತ್ತೆ ಅದೇ ಮಣ್ಣಿಗೆ ಹೋಗುತ್ತದೆ. ಬರದ ಸೀಮೆಯಲ್ಲಿ ಹಾಗೆ ನೀರು ಚೆಲ್ಲುವುದು ನನಗೆ ನೋಡಲಾಗದ ಸಂಗತಿ. ನೀರು ಸೋಸುವ ಪೊರೆ, ಮೆಂಬ್ರೇನ್, ಕೆಟ್ಟರೆ ಘಟಕಕ್ಕೆ ಬೀಗ. ಐಐಟಿ ಮದ್ರಾಸಿನ ಟಿ. ಪ್ರದೀಪ್ ಅವರ ತಂಡ ಕಬ್ಬಿಣದ ನ್ಯಾನೋ ವಸ್ತುವಿನಿಂದ ನೀರಿನಲ್ಲಿರುವ ಆರ್ಸೆನಿಕ್ ಎಂಬ ವಿಷ ತೆಗೆಯುವ 'ಅಮೃತ್' ಫಿಲ್ಟರ್ ಮಾಡಿ ಪಶ್ಚಿಮ ಬಂಗಾಳದ ಹಳ್ಳಿಗಳವರೆಗೆ ಮುಟ್ಟಿಸಿತು. ಕಾಲೇಜಿನೊಳಗೆ ಹುಟ್ಟಿದ ವಸ್ತು ಕಂಪನಿ ಕಟ್ಟಿಕೊಂಡು ಹಳ್ಳಿಯ ಕೈಪಂಪಿನ ಬಳಿ ಹೋಗಿ ನಿಂತದ್ದು ನಾನು ಕಂಡ ಅತ್ಯುತ್ತಮ ಉದಾಹರಣೆ. ಫ್ಲೋರೈಡ್ ಹಿಡಿಯುವ ಅಲ್ಯುಮಿನಾ ಎಂಬ ಅಲ್ಯುಮಿನಿಯಂ ಆಕ್ಸೈಡನ್ನು ಹೊಟ್ಟಿನ ಸಿಲಿಕಾದ ಮೇಲೆ ಹಚ್ಚಿ ನೋಡುವ ಕೆಲಸ ದಾವಣಗೆರೆಯಲ್ಲಿ ಯಾಕೆ ಆಗಬಾರದು? ಬೂದಿ ಅಲ್ಲೇ ಇದೆ, ಕೆಟ್ಟ ನೀರೂ ಒಂದು ಗಂಟೆಯ ಬಸ್ ಹಾದಿಯಲ್ಲೇ ಶುರುವಾಗುತ್ತದೆ.

ಉಪಕರಣ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ನ್ಯಾನೋ ಕೇಂದ್ರವನ್ನು ಹೊರಗಿನ ಕಾಲೇಜಿನವರೂ ಪ್ರಸ್ತಾವನೆ ಕಳಿಸಿ ಬಳಸುವ ಯೋಜನೆ 2008ರಿಂದಲೇ ಇದೆ. ಚಳ್ಳಕೆರೆ ಪಕ್ಕದ ಕುದಾಪುರದಲ್ಲಿ ಅದೇ ಐಐಎಸ್ಸಿಗೆ 1,500 ಎಕರೆ ಕೊಟ್ಟಿದ್ದೇವೆ. ಅಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ಸಂತೋಷ. ಸುತ್ತಲಿನ ಹಳ್ಳಿಯ ನೀರಿಗೂ ಒಂದು ಕೋಣೆ ಇರಲಿ ಎಂದು ಕೇಳುವ ಹಕ್ಕು ನಮಗಿದೆ. ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನಲ್ಲಿ (ಬಿಐಇಟಿ) ಜವಳಿ ತಂತ್ರಜ್ಞಾನ ಓದಿದವರು, ದಾವಣಗೆರೆ ವಿ.ವಿ.ಯ ರಸಾಯನಶಾಸ್ತ್ರದವರು, ಬಿ.ಡಿ.ಟಿ.ಯವರು ಎಲ್ಲರೂ ಒಂದೇ ಊರಲ್ಲಿದ್ದಾರೆ.

ಇನ್ನೊಂದು ಮಾತು ಪ್ರಾಧ್ಯಾಪಕರಿಗೆ, ಗೌರವದಿಂದಲೇ. ಹೊಸದು ಸಿಕ್ಕ ಕೂಡಲೇ ಪತ್ರಿಕೆಗೆ ಪ್ರಬಂಧ ಕಳಿಸಬೇಡಿ. ಮೊದಲು ಪೇಟೆಂಟ್ ಅರ್ಜಿ ಹಾಕಿ. ಪ್ರಕಟವಾದ ಮೇಲೆ ಅದು ಹೊಸದಲ್ಲ, ಹಕ್ಕು ಕೈತಪ್ಪುತ್ತದೆ, ಹಕ್ಕಿಲ್ಲದ ಸಾಮಾನಿಗೆ ಕಾರ್ಖಾನೆಯವನು ದುಡ್ಡು ಹಾಕಲು ಹೆದರುತ್ತಾನೆ. 2021ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಪೇಟೆಂಟ್ ಶುಲ್ಕವನ್ನು ನೂರಕ್ಕೆ 80ರಷ್ಟು ಇಳಿಸಿದ್ದಾರೆ, ಬಳಸಿಕೊಳ್ಳಿ.

ಹೋದ ದೀಪಾವಳಿಗೆ ಊರಿಗೆ ಬಂದಾಗ ಪರಿಚಯದ ಭಟ್ಟಿಯೊಂದರಿಂದ ಎರಡು ಕಿಲೋ ಬೂದಿ ಕಟ್ಟಿಸಿಕೊಂಡು ಬಂದೆ. ಅಂಗೈಯಲ್ಲಿ ಹಿಡಿದರೆ ಅರ್ಧ ಬೂದು, ಅರ್ಧ ಕಪ್ಪು. ಬೆರಳಿಗೆ ಮಸಿ ಹತ್ತಿತು. ಕಪ್ಪು ಎಂದರೆ ಇನ್ನೂ ಉರಿಯದೆ ಉಳಿದ ಇಂಗಾಲ. ಕೊಯಮತ್ತೂರಿನಲ್ಲಿ ಅದರ ಎಕ್ಸ್-ರೇ ಪರೀಕ್ಷೆ ಮಾಡಿಸಿದಾಗ ಇನ್ನೊಂದು ದೋಷವೂ ಸಿಕ್ಕಿತು. ಒಲೆಯ ನಡುವೆ ಶಾಖ ಮಿತಿಮೀರಿ ಸಿಲಿಕಾದ ಒಂದಷ್ಟು ಪಾಲು ಹರಳುಗಟ್ಟಿದೆ. ಹರಳಾದ ಸಿಲಿಕಾ ಫಿಲ್ಟರಿಗೂ ಒಗ್ಗುವುದಿಲ್ಲ, ಅದರ ಧೂಳು ಶ್ವಾಸಕೋಶಕ್ಕೂ ಕೇಡು. ಭಟ್ಟಿಯ ಮುಂದೆ ದಿನವಿಡೀ ನಿಲ್ಲುವವರು ಅದನ್ನೇ ಉಸಿರಾಡುತ್ತಾರೆ. ಉರಿಯನ್ನು 700 ಡಿಗ್ರಿಯೊಳಗೆ ಹಿಡಿದು, ಗಾಳಿ ಚೆನ್ನಾಗಿ ಆಡುವಂತೆ ಒಲೆ ತಿದ್ದಿದರೆ ಎರಡೂ ತೊಂದರೆ ತಗ್ಗುತ್ತವೆ. ಮೂರು ತಿಂಗಳು ಒಬ್ಬ ವಿದ್ಯಾರ್ಥಿ ಶಾಖ ಅಳೆಯುವ ಥರ್ಮೋಕಪಲ್ ಹಿಡಿದು ಆ ಒಲೆಯ ಮುಂದೆ ನಿಂತರೆ ಆಗುವ ಕೆಲಸ.

ಭಟ್ಟಿಯ ಯಜಮಾನರಿಗೆ ಫೋನ್ ಮಾಡಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಹುಡುಗ್ನ ಕಳ್ಸಿ, ಚಾ-ಮಂಡಕ್ಕಿ ನಮ್ದು. ಆದ್ರೆ ಬೂದಿ ಕಿಲೋಕ್ಕೆ ಎಷ್ಟಕ್ಕೆ ಹೋಗ್ತತಿ, ಅದನ್ನ ಹೇಳ್ರಿ" ಅಂದರು. ನಮ್ಮ ಮಾಲೀಕರ ಒಗೆತದ ಪ್ರಶ್ನೆಯೇ ನನ್ನ ಕಿವಿಗೆ ಮತ್ತೆ ಬಿದ್ದಂತಾಯಿತು. ಅದಕ್ಕೆ ಉತ್ತರ ನನ್ನೊಬ್ಬನ ಕೈಲಿಲ್ಲ ಅಂದೆ. ದುಗ್ಗಮ್ಮನ ಜಾತ್ರೆಗೆ ಬಂದಾಗ ಇಬ್ಬರೂ ಕಾಲೇಜಿಗೆ ಹೋಗಿ ಕೆಮಿಸ್ಟ್ರಿಯವರನ್ನು ಕಂಡು ಕೇಳೋಣ ಎಂದು ಮಾತಾಗಿದೆ. ಬೂದಿಯ ಚೀಲ ಅವರೇ ತರುತ್ತಾರಂತೆ.