ಅಣು ಅಯಸ್ಕಾಂತವಲ್ಲ

'ಕೈರಲ್ ಅಣು ಪುಟ್ಟ ಅಯಸ್ಕಾಂತದಂತೆ ಸ್ಪಿನ್‌ಗಳನ್ನು ಬೇರ್ಪಡಿಸುತ್ತದೆ' ಎಂಬ ಲೇಖನದ ಹೋಲಿಕೆ ದಾರಿ ತಪ್ಪಿಸುತ್ತದೆ. ಕೈರಲ್ ಎಂದರೆ ಎಡಗೈ, ಬಲಗೈಯಂತೆ ತನ್ನ ಕನ್ನಡಿ ಬಿಂಬದೊಂದಿಗೆ ಒಂದಾಗದ ಆಕಾರ; ಸ್ಪಿನ್ ಎಂದರೆ ಎಲೆಕ್ಟ್ರಾನಿನ 'ಮೇಲೆ' ಅಥವಾ 'ಕೆಳಗೆ' ಎಂಬ ಎರಡು ದಿಕ್ಕಿನ ಪುಟ್ಟ ಕಾಂತ ಗುಣ. ಇಂಥ ಸುರುಳಿ ಅಣುವಾದ ಡಿಎನ್‌ಎಗೆ ತನ್ನದೇ ಕಾಂತತೆ ಇಲ್ಲ. ಸುರುಳಿ ಹಾದಿಯಲ್ಲಿ ಸಾಗುವ ಎಲೆಕ್ಟ್ರಾನಿನ ಚಲನೆಯ ದಿಕ್ಕಿಗೂ ಸ್ಪಿನ್‌ಗೂ ನಂಟು ಬೀಳುತ್ತದೆ, ಅಷ್ಟೆ. 2011ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ನಾಮನ್ ಮತ್ತು ಸಂಗಡಿಗರು ಚಿನ್ನದ ಮೇಲಿನ ಜೋಡಿ ಎಳೆ ಡಿಎನ್‌ಎ ಪದರವನ್ನು ದಾಟಿ ಬಂದ ಎಲೆಕ್ಟ್ರಾನ್‌ಗಳಲ್ಲಿ ಕೊಠಡಿ ತಾಪಮಾನದಲ್ಲೇ ಸುಮಾರು ಶೇ 60ರ ಸ್ಪಿನ್ ಧ್ರುವೀಕರಣ (ಒಂದು ದಿಕ್ಕಿನ ಸ್ಪಿನ್‌ಗಳ ಮೇಲುಗೈ) ಕಂಡರು. ಇಂಗಾಲದಂಥ ಹಗುರ ಪರಮಾಣುಗಳ ಸ್ಪಿನ್-ಕಕ್ಷೆ ಬಂಧ, ಅಂದರೆ ಎಲೆಕ್ಟ್ರಾನಿನ ಚಲನೆಯನ್ನು ಸ್ಪಿನ್‌ಗೆ ಜೋಡಿಸುವ ನಂಟು, ತೀರಾ ದುರ್ಬಲ. ಇಷ್ಟು ದೊಡ್ಡ ಸಂಖ್ಯೆಗೆ ಎಲ್ಲರೂ ಒಪ್ಪುವ ಸಿದ್ಧಾಂತ ಇನ್ನೂ ಬಂದಿಲ್ಲ. ಲೇಖನ ಇದನ್ನು ಹೇಳಲೇಬೇಕಿತ್ತು.

ಅಣುಗಳ ಪದರಕ್ಕೆ ಸೂಜಿಮೊನೆ ತಾಗಿಸಿ ಅದರ ಮೂಲಕ ಹರಿಯುವ ಪ್ರವಾಹವನ್ನು ಅಳೆಯುವವರಿಗೆ ಒಂದು ಮಾತು. ಕೆಳಗೆ ಕಾಂತವಾಗಿ ಬಳಸುವ ನಿಕ್ಕಲ್ ಪದರದ ಮೇಲೆ ಕೆಲವೇ ನ್ಯಾನೋಮೀಟರ್ ಚಿನ್ನ ಹೊದಿಸಿ. ಬರಿಯ ನಿಕ್ಕಲ್ ಗಾಳಿಯಲ್ಲಿ ಆಕ್ಸೈಡ್ ಕಟ್ಟಿ ಅಣುವಿನ ಥಯಾಲ್ (ಗಂಧಕವಿರುವ) ತುದಿ ಸರಿಯಾಗಿ ಅಂಟುವುದಿಲ್ಲ. ಚಿನ್ನ ದಪ್ಪವಾದರೆ ಸ್ಪಿನ್ ಅಲ್ಲೇ ಕಳೆದುಹೋಗುತ್ತದೆ. ಕಾಂತದ ದಿಕ್ಕು ಮೇಲೆ, ಕೆಳಗೆ ಮಾಡಿ ಎರಡು ವಿದ್ಯುತ್ ಪ್ರವಾಹಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಧ್ರುವೀಕರಣ ಸಿಕ್ಕಿತು ಎಂದು ಬರೆಯುವವರೇ ಹೆಚ್ಚು. ಆದರೆ ಈ ನಡುವೆ ಸೂಜಿಮೊನೆ ಸವೆದರೂ ಅಂಥದೇ ವ್ಯತ್ಯಾಸ ಬರುತ್ತದೆ. ಹಾಗಾಗಿ ಬೇರೆ ಬೇರೆ ಜಾಗಗಳಲ್ಲಿ ನೂರಾರು ಪ್ರವಾಹ-ವೋಲ್ಟೇಜ್ ವಕ್ರರೇಖೆ ತೆಗೆಯಿರಿ. ಬಲಗೈ ಅಣುವಿನಿಂದ ಎಡಗೈ ಅಣುವಿಗೆ ಬದಲಾಯಿಸಿದಾಗ ವ್ಯತ್ಯಾಸದ ಚಿಹ್ನೆ ತಿರುಗಲೇಬೇಕು, ಕೈರಲ್ ಅಲ್ಲದ ಅಣುವಿನಲ್ಲಿ ವ್ಯತ್ಯಾಸ ಮಾಯವಾಗಬೇಕು. ಇನ್ನೊಂದು: ಎರಡೇ ತುದಿಗಳ ಸಾಧನದಲ್ಲಿ, ಪ್ರವಾಹ ವೋಲ್ಟೇಜಿಗೆ ನೇರ ಅನುಪಾತದಲ್ಲಿರುವ ತೀರಾ ಕಡಿಮೆ ವೋಲ್ಟೇಜಿನ ರೇಖೀಯ ವಲಯದಲ್ಲಿ, ಕಾಂತ ತಿರುಗಿಸಿದರೆ ವಾಹಕತೆ ಬದಲಾಗಲು ಆನ್‌ಸಾಗರ್ ಎಂಬ ವಿಜ್ಞಾನಿಯ ಸಮ್ಮಿತಿ ನಿಯಮ ಬಿಡುವುದಿಲ್ಲ. ಅಲ್ಲಿ ಬದಲಾವಣೆ ಕಂಡರೆ ಮೊದಲು ಸಂಪರ್ಕವನ್ನೇ ಅನುಮಾನಿಸಿ.